ಹೆಬ್ಬೆರಳಿನ ದಾರ

"ನಿಮ್ಮಪ್ಪಾರು ಮಾತು ಕೊಟ್ಟಿದ್ರು, ಶಾಂತಪ್ಪ," ಎಂದಳು ಬೇಳೆ ಹಸನು ಮಾಡುವವರಲ್ಲಿ ಹಿರಿಯಳಾದ ಚಾಂದಬೀ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಮಿಲ್ ಶುರು ಆದ ವರ್ಷ. ನನ್ನ ತಾಹಿರ್ ಇನ್ನಾ ಮಲಿ ಕುಡೀತಿದ್ದ. 'ಈ ಮಿಲ್ಲಿನ್ಯಾಗ ಕೂಸಿನ ಸಲುವಾಗಿ ಯಾವ ತಾಯೀದೂ ಕೆಲಸ ಹೋಗಲ್ಲ' ಅಂದ್ರು. ಅಂದು ಸುಮ್ಮ ಕುಂದರಲಿಲ್ಲ, ಕಂಬಾರನ್ನ ಕರಸಿ ಜೋಳಿಗಿ ಕಟ್ಟಲಿಕ್ಕಿ ತೊಲಿಗಿ ಕೊಕ್ಕಿ ಹೊಡಸಿದ್ರು."

ಮಿಲ್ಲಿನ ಮಾಲೀಕ ಶಾಂತಕುಮಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಾ ಯಾರ ಕೆಲಸ ತೆಗೀಲಿಕತ್ತೀನಿ, ಚಾಂದಬೀ? ಕೂಸುಗಳ ಸಲುವಾಗೇ ಹೊಸಾ ಖೋಲಿ ಕಟ್ಟಿಸೀನಿ. ಗ್ವಾಡಿಗಿ ಆನಿ, ಬಾತುಕೋಳಿ. ನನ್ನ ಮಕ್ಕಳಿಗೇ ಇಂಥಾ ಖೋಲಿ ಇರಲಿಲ್ಲ."

"ಆ ಖೋಲ್ಯಾಗ ಯಾರೂ ಕೂಸು ಮಲಗಸಲ್ಲ."

"ಯಾಕ?"

ಚಾಂದಬೀ ಬದಿಯಲ್ಲಿ ನಿಂತಿದ್ದ ಫಿರ್ದೋಸಳನ್ನು ಒಮ್ಮೆ ನೋಡಿ, "ಕೂಸಿನ ತಾಯಿ ಬಸವೇಶ್ವರಿ ಸೋಮವಾರದಿಂದ ಕೆಲಸಕ್ಕ ಬರಲ್ಲಂತ. ತಿಳಸಲಿಕ್ಕಿ ಬಂದೆ," ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಫಿರ್ದೋಸಳ ಕಿವಿ ಬಿಸಿಯಾಯಿತು. ಆ ಖೋಲಿ ಅವಳದೇ ಯೋಜನೆ. ಮೊದಲು ವಾಡಿಯ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಅವಳಿಗೆ ಹಾಜರಿ ಹಾಕುವುದೊಂದೇ ಕೆಲಸವಿತ್ತು. ಚಿತ್ತಾಪುರದ ಈ ಬೇಳೆ ಮಿಲ್ಲಿಗೆ ಎಚ್‌ಆರ್ ಎಂದು ಸೇರಿದ ಮೇಲೆ ಇದು ಅವಳು ಮಾಡಿಸಿದ ಮೊದಲ ಕೆಲಸ. ಬೇಳೆ ಕೊಳ್ಳುವ ಹೈದರಾಬಾದಿನ ಕಂಪನಿಯವರು ಬರುವ ಸೋಮವಾರ ತಪಾಸಣೆಗೆ ಬರುವವರಿದ್ದರು. ಕೆಲಸ ನಡೆಯುವ ಹಾಲಿನಲ್ಲಿ ಮಕ್ಕಳಿರಬಾರದು, ಅವರಿಗೆ ಬೇರೆ ಕೋಣೆ ಬೇಕು ಎಂಬುದು ಅವರ ಷರತ್ತು. ಗೋದಾಮಿನ ಹಿಂದೆ ಜಾಗ ಹುಡುಕಿ, ಫ್ಯಾನು ಹಾಕಿಸಿ, ಬಷೀರಾ ಎಂಬ ಹೆಂಗಸನ್ನು ಆಯಾ ಎಂದು ನೇಮಿಸಿ, ಗೋಡೆಯ ಬಾತುಕೋಳಿಗಳಿಗೆ ಹಳದಿ ಬಣ್ಣವೇ ಆಗಬೇಕೆಂದು ಹಟಮಾಡಿದವಳು ಫಿರ್ದೋಸ್. ಈಗ ಬಷೀರಾ ಅಲ್ಲಿ ಒಬ್ಬಳೇ ಕೂತು ತೂಕಡಿಸುತ್ತಿದ್ದಳು.

ತೊಗರಿಬೇಳೆ ಯಂತ್ರದಿಂದ ಇಳಿದ ಮೇಲೂ ಅದರಲ್ಲಿ ಹರಳು, ಕಪ್ಪು ಕಾಳು ಉಳಿಯುತ್ತವೆ. ಅದನ್ನು ಕೈಯಿಂದ ಹಸನು ಮಾಡುವ ಹೆಣ್ಣುಮಕ್ಕಳು ಹಾಲಿನಲ್ಲಿ ಸಾಲಾಗಿ ಗೋಣಿತಟ್ಟಿನ ಮೇಲೆ ಕೂರುತ್ತಿದ್ದರು. ಹೆಚ್ಚಿನವರು ಗುಂಡಗುರ್ತಿ ಕಡೆಯಿಂದ ಟಂಟಂ ಆಟೋದಲ್ಲಿ ಬರುವವರು. ಫಿರ್ದೋಸ್ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬೊಬ್ಬರದೂ ಒಂದೊಂದು ಉತ್ತರ.

"ಅಲ್ಲಿ ಬಿಸಲು ಬಡೀತದ್ರಿ, ಮೇಡಂ."

ಫಿರ್ದೋಸ್ ಪರದೆ ಹಾಕಿಸಿದಳು.

"ಆನಿ ಕಣ್ಣು ನೋಡಿ ಕೂಸು ಅಂಜ್ತದ್ರಿ."

ಪೇಂಟರನನ್ನು ಮತ್ತೆ ಕರೆಸಿ ಆನೆಯ ಕಣ್ಣು ಸಣ್ಣದು ಮಾಡಿಸಿದಳು. ಆನೆ ನಿದ್ದೆಗಣ್ಣಿನ ಗಂಡಸಿನಂತೆ ಕಾಣತೊಡಗಿತು. ಹೆಂಗಸರು ಹೋಗಿ ನೋಡಿಬಂದು ಬಿದ್ದುಬಿದ್ದು ನಕ್ಕರು. ಕೂಸು ಮಾತ್ರ ಯಾರೂ ಒಯ್ಯಲಿಲ್ಲ.

ಬಸವೇಶ್ವರಿಯದು ಚೊಚ್ಚಲ ಹೆಣ್ಣುಕೂಸು, ಇನ್ನೂ ಮಗ್ಗಲು ಹೊರಳುವ ವಯಸ್ಸು. ಗಂಡ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕಾಲು ಮುರಿದುಕೊಂಡು ಮನೆಯಲ್ಲಿದ್ದ. ಅವಳ ದುಡಿಮೆಯೇ ಮನೆಗೆ ಆಧಾರ. ಅಂಥವಳು ಕೆಲಸ ಬಿಡುತ್ತೇನೆ ಎನ್ನುತ್ತಾಳೆಂದರೆ ಏನೋ ಇರಬೇಕು. ಫಿರ್ದೋಸಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ರಾತ್ರಿ ವಾಡಿಯ ಮನೆಯಲ್ಲಿ ಮಗಳು ಅಸ್ಫಿಯಾಳಿಗೆ ಉಣ್ಣಿಸುವಾಗಲೂ ತಲೆಯಲ್ಲಿ ಅದೇ. ಅತ್ತೆ ಕೇಳಿದರು, "ತುತ್ತು ಕೂಸಿನ ಬಾಯಿಗೋ, ಕಿವಿಗೋ?"

ಮರುದಿನ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಹಾಲಿನ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳು ಜೋಡಿಜೋಡಿಯಾಗಿದ್ದವು. ಕೂಸಿದ್ದ ಇಬ್ಬರು ಮಾತ್ರ ಚಪ್ಪಲಿ ಒಳಗೆ ತಂದುಕೊಂಡು, ಒಂದನ್ನು ಕಾಲಲ್ಲಿಟ್ಟು ಇನ್ನೊಂದನ್ನು ಬದಿಗೆ ಬಿಟ್ಟು ಕೂರುತ್ತಿದ್ದರು. ಅದೂ ಇಬ್ಬರೂ ಬಲಗಾಲಿನದೇ ಬಿಡುತ್ತಿದ್ದರು.

"ಬಸವೇಶ್ವರಿ, ಒಂದೇ ಚಪ್ಪಲ್ ಯಾಕ ಬಿಟ್ಟೀರಿ?"

"ಸುಮ್ಮ್ರಿ ಮೇಡಂ. ಚಪ್ಪಲಿ ಉಂಗುಟ ಬೆರಳಿಗಿ ಕಡೀತದ," ಎಂದು ಬಸವೇಶ್ವರಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಪಕ್ಕದವಳು ಕಿಸಕ್ಕನೆ ನಕ್ಕಳು. ಚಾಂದಬೀ ಅವಳತ್ತ ಕಣ್ಣು ಬಿಟ್ಟಳು.

ಶನಿವಾರ ಮಧ್ಯಾಹ್ನ ಮುಂಬಾಗಿಲಲ್ಲಿ ಚೀಲಗಳನ್ನು ಇಳಿಸುತ್ತಿದ್ದುದರಿಂದ ಫಿರ್ದೋಸ್ ಹಿಂಬಾಗಿಲಿನಿಂದ ಹಾಲಿಗೆ ಬಂದಳು. ಆಫೀಸಿನವರು ಯಾರೂ ಆ ಕಡೆಯಿಂದ ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಕಾಲಿಗೆ ಏನೋ ತೊಡರಿ ಮುಗ್ಗರಿಸಿದಳು. ಕೈ ಹೋಗಿ ಒಂದು ಮೊರಕ್ಕೆ ಬಡಿಯಿತು. ಬೇಳೆ ಹಾಲಿನ ತುಂಬ ಹಳದಿಯಾಗಿ ಹರಡಿತು. ತೊಲೆಯ ಕೊಕ್ಕಿಗೆ ಕಟ್ಟಿದ್ದ ಸೀರೆಯ ಜೋಳಿಗೆ ಜೋರಾಗಿ ಓಲಾಡಿ ಕೂಸು ಕಿಟಾರನೆ ಕಿರುಚಿತು. ಅತ್ತ ಬಸವೇಶ್ವರಿ, "ಅಯ್ಯಯ್ಯ, ನನ್ನ ಕಾಲು!" ಎಂದು ಕೂಗಿದಳು.

ಎಲ್ಲ ಕೈಗಳೂ ನಿಂತವು.

ಫಿರ್ದೋಸ್ ಕೂತಲ್ಲಿಂದಲೇ ನೋಡಿದಳು. ಜೋಳಿಗೆಯಿಂದ ಒಂದು ತೆಳ್ಳನೆಯ ನೂಲಿನ ದಾರ ಇಳಿದು, ನೆಲದ ಗುಂಟ ಬಂದು, ಬಸವೇಶ್ವರಿಯ ಬಲಗಾಲಿನ ಹೆಬ್ಬೆರಳಿಗೆ ಸಡಿಲ ಕುಣಿಕೆಯಾಗಿ ಸುತ್ತಿಕೊಂಡಿತ್ತು.

"ಮೇಡಂ ಮೀನು ಬಿದ್ದಂಗ ಬಿದ್ರಲ್ಲೇ, ಗಾಳದಾಗ!" ಎಂದು ಮೂಲೆಯಿಂದ ಯಾರೋ ಅಂದರು. ಹಾಲಿಗೆ ಹಾಲೇ ನಕ್ಕಿತು. ಫಿರ್ದೋಸಳಿಗೂ ನಗು ತಡೆಯಲಾಗಲಿಲ್ಲ.

"ಇಷ್ಟು ದಿನ ಇದನ್ನ ಯಾಕ ಮುಚ್ಚಿಟ್ರಿ?"

"ಆಫೀಸಿನ್ಯಾಗ ಗೊತ್ತಾದ್ರ ತೆಗಸ್ತಾರಂತ," ಎಂದಳು ಬಸವೇಶ್ವರಿ ತಲೆ ತಗ್ಗಿಸಿ. "ಆಳಿನ ಮೈಗಿ ಏನೂ ಕಟ್ಟಬಾರದು ಅಂತ ಬೋರ್ಡು ಹಚ್ಚೀರಲ್ರಿ."

ಆ ಬೋರ್ಡು ಯಂತ್ರಗಳ ಹತ್ತಿರ ನಿಲ್ಲುವವರಿಗೆ ಹಚ್ಚಿದ್ದು. ಹಾಲಿನಲ್ಲಿ ಯಂತ್ರವೇ ಇರಲಿಲ್ಲ. ಅದನ್ನು ಹೇಳಲು ಹೋಗಿ ಫಿರ್ದೋಸ್ ಬಾಗಿಲ ಕಡೆ ನೋಡಿದಳು. ಹಾಲಿನ ಬಾಗಿಲಲ್ಲೂ ಒಂದನ್ನು ಹಚ್ಚಿಸಿದವಳು ತಾನೇ.

"ತೂಗಲಿಕ್ಕಿ ಅಲ್ಲಿ ಬಷೀರಾ ಅದಾಳಲ್ಲ?"

"ತೂಗೋದು ಯಾರರ ತೂಗ್ತಾರ್ರಿ." ಬಸವೇಶ್ವರಿ ಕುಣಿಕೆ ಬಿಚ್ಚಿ ಮುಂದೆ ಚಾಚಿದಳು. "ಕಟ್ಕೊಂಡು ನೋಡ್ರಿ."

ಫಿರ್ದೋಸ್ ಚಪ್ಪಲಿ ಬಿಟ್ಟು ಗೋಣಿತಟ್ಟಿನ ಮೇಲೆ ಕೂತು ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡಳು. ಚಾಂದಬೀ ಅವಳ ಮುಂದೆ ಒಂದು ಮೊರ ಬೇಳೆ ಸುರಿದಳು. "ಖಾಲಿ ಕುಂದರಬ್ಯಾಡ, ಬೇಟಾ. ಚೆಲ್ಲಿದ್ದು ನೀನೇ ಹಸನ ಮಾಡು."

ಮೊದಮೊದಲು ಜೋಳಿಗೆ ತೂಗುವ ಕಾಲಿನ ಕಡೆ ಗಮನ ಹೋದರೆ ಕೈ ನಿಲ್ಲುತ್ತಿತ್ತು. ಆಮೇಲೆ ಎರಡೂ ತಮ್ಮ ಪಾಡಿಗೆ ನಡೆದವು. ಅತ್ತು ದಣಿದ ಕೂಸು ಮಲಗಿತು. ಫಿರ್ದೋಸ್ ಕಾಲು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ, ಯಾರೂ ಎಳೆಯದೆ, ಹೆಬ್ಬೆರಳನ್ನು ಏನೋ ಮೆಲ್ಲಗೆ ಜಗ್ಗಿತು. ಅವಳು ಬೆಚ್ಚಿ ಜೋಳಿಗೆ ನೋಡಿದಳು.

"ಮಗ್ಗಲಾತು," ಎಂದಳು ಬಸವೇಶ್ವರಿ, ತಲೆ ಎತ್ತದೆ. "ಈಗ ಅಳಲ್ಲ. ಎರಡು ಸಲ ಜಗ್ಗಿದ್ರ ಹಸದದ. ಒದ್ದಂಗ ಆದ್ರ ಒದ್ದಿ ಮಾಡ್ಕೊಂಡದ. ಗೋದಾಮಿನ ಹಿಂದ ಹಾಕಿದ್ರ ನಂಗ ಯಾರು ಹೇಳ್ತಾರ್ರಿ? ಇಲ್ಲಿ ಕೈ ಬ್ಯಾಳ್ಯಾಗ ಇದ್ರೂ ಜೀವ ಅಲ್ಲೇ ಇರ್ತದ."

ಫಿರ್ದೋಸ್ ಊಟದ ವೇಳೆಗೆ ದಿನಾ ವಾಡಿಗೆ ಫೋನ್ ಮಾಡುತ್ತಾಳೆ. ಅಸ್ಫಿಯಾ ಉಂಡಳಾ, ಮಲಗಿದಳಾ ಎಂದು ಕೇಳುತ್ತಾಳೆ. ಅತ್ತೆ ಎಲ್ಲಕ್ಕೂ ಹ್ಞೂಂ ಎನ್ನುತ್ತಾರೆ. ಇವತ್ತು ಫೋನ್ ಮಾಡುವುದು ಮರೆತೇಹೋಗಿತ್ತು.

ಸಂಜೆ ಅವಳು ಚಾಂದಬೀಯನ್ನು ಕರೆದುಕೊಂಡು ಶಾಂತಕುಮಾರನ ಖೋಲಿಗೆ ಹೋಗಿ ದಾರದ ಸಂಗತಿ ಹೇಳಿದಳು. ಆ ಖೋಲಿ ಹಾಲಿಗೆ ಅಂಟಿಕೊಂಡಿತ್ತು. ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಗಾಜಿನ ಕಿಟಕಿ. ಶಾಂತಕುಮಾರನ ತಂದೆ ಗುರುಲಿಂಗಪ್ಪನವರು ಇದ್ದಾಗ ಅಲ್ಲಿಂದಲೇ ಕೆಲಸ ನೋಡುತ್ತಿದ್ದರಂತೆ.

"ಸರ್, ಕೂಸುಗಳ ಖೋಲಿ ಇಲ್ಲಿ ಮಾಡೂಣು. ಗ್ವಾಡಿಗಿ ಕೆಳಗ ಒಂದು ತೂತು, ದಾರಕ್ಕ."

"ಇಲ್ಲಿ?" ಶಾಂತಕುಮಾರ ತನ್ನ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದ. "ಮತ್ತ ನಾ ಎಲ್ಲಿ ಕುಂದರಲಿ?"

"ಬಣ್ಣದ ಖೋಲ್ಯಾಗ್ರಿ."

"ಸೇಡಂ ವ್ಯಾಪಾರಿಗಳು ಬಂದು ಬಾತುಕೋಳಿ ಕೆಳಗ ರೇಟು ಮಾತಾಡಬೇಕೇನು? ತಲೀ ಕೆಟ್ಟದೇನು ನಿಮಗ? ಸೋಮವಾರ ತಪಾಸಣಿ ಅದ. ಆ ದಾರ ನೋಡಿ ಅವರು ಆರ್ಡರ್ ರದ್ದು ಮಾಡಿದ್ರ?"

"ಮುಚ್ಚಿಟ್ಟು ಸಿಕ್ಕಿಬಿದ್ರ ರದ್ದು ಮಾಡಬಹುದು. ನಾನೇ ತೋರಸ್ತೀನಿ, ನಾನೇ ಜವಾಬು ಕೊಡ್ತೀನಿ."

ಚಾಂದಬೀ ಅಷ್ಟು ಹೊತ್ತು ಕಿಟಕಿಯ ಗಾಜಿನಲ್ಲಿ ಹಾಲಿನ ಕಡೆ ನೋಡುತ್ತಿದ್ದಳು. "ಶಾಂತಪ್ಪ, ಕೊಕ್ಕಿ ಹೊಡಸೋ ದಿನ ನಿಮ್ಮಪ್ಪಾರು ಕಂಬಾರನ್ನ ಬಾಗಲದಾಗ ನಿಂದರಸಿ ನನ್ನ ಕಡಿ ಬಂದ್ರು. 'ಎಲ್ಲಿ ಹೊಡಸ್ಲಿ, ತಂಗಿ?' ಅಂತ ಕೇಳಿದ್ರು. ಈ ಸಲ ನಮಗ ಯಾರೂ ಕೇಳಲಿಲ್ಲ."

ಅದು ತನಗೂ ಸೇರಿದ ಮಾತು ಎಂದು ಫಿರ್ದೋಸಳಿಗೆ ತಿಳಿಯಿತು.

"ನೋಡೂಣು," ಎಂದ ಶಾಂತಕುಮಾರ. ಅವನ 'ನೋಡೂಣು' ಎಂದರೆ ಆಗದು ಎಂದೇ ಎಲ್ಲರೂ ತಿಳಿಯುತ್ತಿದ್ದರು.

ಸೋಮವಾರ ಫಿರ್ದೋಸ್ ರೈಲಿಳಿದು ನೇರ ಗೋದಾಮಿನ ಹಿಂದೆ ಓಡಿದಳು. ಬಣ್ಣದ ಖೋಲಿಯ ಬಾಗಿಲು ತೆರೆದಿತ್ತು. ನಿದ್ದೆಗಣ್ಣಿನ ಆನೆಯ ಕೆಳಗೆ ಶಾಂತಕುಮಾರ ಮೇಜು ಹಾಕಿಕೊಂಡು ಫೋನಿನಲ್ಲಿ ಯಾರಿಗೋ, "ಹಿಂದಿನ ಖೋಲಿಗಿ ಬರ್ರಿ. ಹೌದ್ರಿ, ಬಾತುಕೋಳಿ ಇದ್ದದ್ದು," ಎನ್ನುತ್ತಿದ್ದ. ಅವಳನ್ನು ಕಂಡು ಮುಖ ಗಂಟಿಕ್ಕಿ ಹಾಲಿನ ಕಡೆ ಕೈ ತೋರಿಸಿದ.

ಹಳೆಯ ಖೋಲಿಯಲ್ಲಿ ಬಷೀರಾ ಕೂತಿದ್ದಳು. ಕೊಕ್ಕಿ ಕಿತ್ತು ತಂದು ಆ ಖೋಲಿಯ ತೊಲೆಗೆ ಹೊಡೆದಿದ್ದರು. ಎರಡೂ ಕೂಸುಗಳು ಜೋಳಿಗೆಗಳಲ್ಲಿದ್ದವು, ಬರುವುದಿಲ್ಲ ಎಂದಿದ್ದ ಬಸವೇಶ್ವರಿಯದೂ. ಗೋಡೆಯ ಬುಡದಲ್ಲಿ ಹಸಿ ಸಿಮೆಂಟಿನ ನಡುವೆ ಒಂದು ಪೈಪಿನ ತುಂಡು, ಅದರೊಳಗಿಂದ ಎರಡು ದಾರ.

ತಪಾಸಣೆಗೆ ಬಂದವರು ಅಮೀರ್ ಅಲಿ, ಬೀದರ ಕಡೆಯ ವಯಸ್ಸಾದ ಮನುಷ್ಯ. ಹಾಲಿಗೆ ಬಂದು ಗೋಡೆಯಿಂದ ಹೊರಟ ದಾರಗಳನ್ನು ಕಂಡು ನಿಂತರು. ಬಸವೇಶ್ವರಿಯ ಕೈ ರೂಢಿಯಂತೆ ಸೀರೆಯ ಅಂಚಿಗೆ ಹೋಯಿತು. ಆಮೇಲೆ ಅವಳು ಕೈ ಹಿಂದೆಗೆದು, ಕಾಲನ್ನು ಹಾಗೆಯೇ ಹೊರಗೆ ಬಿಟ್ಟಳು.

"ಇದೇನಮ್ಮ?"

ಬಸವೇಶ್ವರಿ ಫಿರ್ದೋಸಳನ್ನು ನೋಡಿದಳು. ಫಿರ್ದೋಸ್ ಬಾಯಿ ತೆರೆಯುವ ಮೊದಲೇ ಅಮೀರ್ ಅಲಿ ಮೊಣಕಾಲೂರಿ ಕೂತು ಬಸವೇಶ್ವರಿಯ ದಾರಕ್ಕೆ ಒಂದು ಬೆರಳು ಮುಟ್ಟಿಸಿದ್ದರು. ಆಚೆಯಿಂದ ದಾರ ಜಗ್ಗಿತು. ಅವರು ಬೆರಳು ತೆಗೆಯಲಿಲ್ಲ, ಗೋಡೆಯನ್ನೇ ನೋಡುತ್ತ ಕೂತರು. ದಾರ ಮತ್ತೊಮ್ಮೆ ಜಗ್ಗಿತು.

"ಹಸದದ್ರಿ," ಎಂದು ಬಸವೇಶ್ವರಿ ಮೊರ ಬದಿಗಿಟ್ಟು, ಕುಣಿಕೆ ಕಳಚಿ ಎದ್ದುಹೋದಳು.

ಅಮೀರ್ ಅಲಿ ಪೈಪಿನ ಬಾಯಿಯ ಸುತ್ತ ಬೆರಳಾಡಿಸಿದರು. "ಅಂಚು ಹರಿತ ಅದ, ದಾರ ಕಡೀತದ. ಉಜ್ಜಿಸ್ರಿ," ಎಂದು ಎದ್ದು ಯಂತ್ರಗಳ ಕಡೆ ನಡೆದರು.

ಈ ಮಿಲ್ಲಿನಲ್ಲಿ ಕೂಸಿನ ಸಲುವಾಗಿ ಯಾವ ತಾಯಿಯ ಕೆಲಸವೂ ಹೋಗುವುದಿಲ್ಲ ಎಂದು ಗುರುಲಿಂಗಪ್ಪನವರು ಹೇಳಿದ್ದರು. ಬಸವೇಶ್ವರಿಯ ಕೆಲಸ ಹೋಗಲಿಲ್ಲ.