ಶನಿವಾರದ ಬಿ.ಪಿ.

ಡಾಕ್ಟರ್ ಆಕರ್ಷ ಅಕ್ಕಯಮ್ಮನ ತೋಳಿನ ಬಿ.ಪಿ. ಪಟ್ಟಿ ಬಿಚ್ಚುತ್ತಾ ಮತ್ತೆ ತುಟಿ ಬಿಗಿದಾಗ ನಂದಿತಾಳಿಗೆ ರೇಗಿಹೋಯಿತು.

"ಇವತ್ತೂ ಜಾಸ್ತೀನೇ ಇದೆಯಮ್ಮಾ. ಈ ಮಾತ್ರೆ ಸಾಲಲ್ಲ. ಇನ್ನೊಂದು ಸೇರಿಸ್ತೀನಿ."

ಗಾಂಧಿಬಜಾರಿನ ಈ ಕ್ಲಿನಿಕ್ಕಿಗೆ ಅವಳು ಅತ್ತೆ ಅಕ್ಕಯಮ್ಮನನ್ನು ಶನಿವಾರ ಸಂಜೆಯೇ ಕರೆತರಬೇಕು. ಬೇರೆ ದಿನ ಆಫೀಸಿನಿಂದ ಬಿಡುಗಡೆಯಿಲ್ಲ. ಹಳೆಯ ಡಾಕ್ಟರ್ ನರಸಿಂಹಯ್ಯನವರು ಇದ್ದಷ್ಟು ಕಾಲ ಅತ್ತೆಗೆ ಒಂದು ಪುಟ್ಟ ಬಿಳಿ ಮಾತ್ರೆ ಸಾಕಾಗಿತ್ತು. ಆಕರ್ಷ ಬಂದಮೇಲೆ ಅದು ಎರಡು ಔಷಧಿ ಸೇರಿದ ಮಾತ್ರೆಯಾಯಿತು, ಆಮೇಲೆ ಮೂರು ಸೇರಿದ್ದಾಯಿತು. "ಈಗೆಲ್ಲ ಹೀಗೇ ಮೇಡಂ. ಒಂದನ್ನೇ ಏರಿಸೋ ಬದಲು ಎರಡು ಮೂರು ಸೇರಿಸಿ ಕೊಡ್ತೀವಿ" ಎಂದು ವಿವರಿಸಿದ್ದ. ಅದು ಸರಿಯೇ ಇರಬಹುದು. ಆದರೆ ಅತ್ತೆ ಮನೆಯಲ್ಲಿ ಗೋಡೆ ಹಿಡಿದು ನಡೆಯತೊಡಗಿದ್ದರು. ಗುರುವಾರ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದಿದ್ದರು; ಸೊಂಟ ಉಳಿದದ್ದೇ ಪುಣ್ಯ. ಇನ್ನೊಂದು ಮಾತ್ರೆ ಸೇರಿದರೆ?

"ಸರ್, ಮನೇಲಿ ತಲೆ ಸುತ್ತಿ ಬೀಳ್ತಾರೆ. ಇಲ್ಲಿ ನೋಡಿದ್ರೆ ಜಾಸ್ತಿ ಅಂತೀರಿ. ಎರಡೂ ಹೇಗೆ ನಿಜ ಆಗುತ್ತೆ?"

ಆಕರ್ಷ ಪೆನ್ನು ಕೆಳಗಿಟ್ಟ. "ಅಮ್ಮಾ, ಬೆಳಗ್ಗೆ ಮಾತ್ರೆ ತಗೊಂಡ್ರಾ?"

"ನಾನೇ ಕಾಫಿ ಜೊತೆ ಕೈಗೆ ಕೊಟ್ಟಿದೀನಿ" ಎಂದಳು ನಂದಿತಾ.

"ಕೊಟ್ಲು, ಕೊಟ್ಲು. ಇಲ್ಲಾಂದೋರ್ಯಾರು?" ಅಕ್ಕಯಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ಮೇಜಿನ ಮೇಲಿಟ್ಟರು. "ಜೋಪಾನವಾಗಿದೆ ನೋಡಿ. ಶನಿವಾರ ಒಪ್ಪತ್ತು ಅಲ್ವೇ? ಆಂಜನೇಯನಿಗೆ ಕೈಮುಗಿದು, ರಾತ್ರಿ ಫಲಾರ ಮುಗಿಸಿ ನುಂಗ್ತೀನಿ. ಖಾಲಿ ಹೊಟ್ಟೆಗೆ ಔಷಧಿ ಹಾಕ್ಕೊಳ್ಳಕ್ಕಾಗುತ್ತಾ?"

"ಕಾಫಿ ಮಾತ್ರ ನಡೆಯುತ್ತಾ?" ಎಂದಳು ನಂದಿತಾ.

"ಕಾಫಿ ಎಲ್ಲಾದ್ರೂ ಊಟ ಆಗುತ್ತೇನೇ?"

"ಅತ್ತೇ!" ಹೊರಗೆ ಬೆಂಚಿನ ಮೇಲೆ ಕೂತವರು ಒಳಗೆ ಇಣುಕಿದರು. "ಪ್ರತಿ ಶನಿವಾರಾನಾ? ಒಂದು ಮಾತು ಹೇಳಬಾರದಿತ್ತಾ?"

"ನನ್ನನ್ನ ಯಾರು ಕೇಳಿದ್ರು? ನೀವು ಕೇಳೋದೆಲ್ಲ ಆ ಮಿಷಿನ್ನನ್ನ. ನರಸಿಂಹಯ್ಯನೋರು ಪಟ್ಟಿ ಸುತ್ತೋಕೆ ಮುಂಚೆ 'ಏನು ತಿಂದ್ರಿ ಅಕ್ಕಯಮ್ಮಾ' ಅಂತಿದ್ರು."

ಆಕರ್ಷನ ಕಿವಿ ಕೆಂಪಾಯಿತು. ಆಗಲೇ ಬರೆದಿದ್ದ ಹೊಸ ಮಾತ್ರೆಯ ಹೆಸರನ್ನು ಹೊಡೆದುಹಾಕಿದ. "ದಿನಾ ಬೆಳಗ್ಗೆ ತಗೋಬೇಕಮ್ಮಾ, ನೀರಲ್ಲಿ ನುಂಗಿದ್ರೆ ಒಪ್ಪತ್ತು ಕೆಡಲ್ಲ. ಮಾತ್ರೆ ತಗೊಂಡು ಸೋಮವಾರ ಬನ್ನಿ. ಅವತ್ತಿನ ಬಿ.ಪಿ. ನೋಡಿ ಮಾತ್ರೆ ಕಡಿಮೆ ಮಾಡೋಣ."

ನಂದಿತಾ ರಜೆ ಕೇಳಿ ಮ್ಯಾನೇಜರಿಗೆ ಮೆಸೇಜು ಬರೆಯತೊಡಗಿದಳು.

"ಸೋಮವಾರ ಬೇಡಪ್ಪಾ" ಎಂದರು ಅಕ್ಕಯಮ್ಮ. "ಅವತ್ತು ಈಶ್ವರನ ಒಪ್ಪತ್ತು."

ನಂದಿತಾ ಅತ್ತೆಯನ್ನೇ ದುರುಗುಟ್ಟಿ ನೋಡಿದಳು. ಸೋಮವಾರ ಎಂಬುದನ್ನು ಅಳಿಸಿದಳು.

"ಮಂಗಳವಾರ ಯಾವ ದೇವರು? ಈಗಲೇ ಹೇಳ್ಬಿಡಿ ಅತ್ತೆ."