ಮೀನಿನ ತೊಟ್ಟಿಯ ನೀರು

ಬಾಶೆಟ್ಟಿಹಳ್ಳಿಯ ಆ ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ‘ಒಂದು ಹನಿ ಕೊಳಕು ನೀರನ್ನೂ ಹೊರಗೆ ಬಿಡುವುದಿಲ್ಲ’ ಎಂಬ ಹಸಿರು ಬೋರ್ಡು ಇತ್ತು. ಅದಕ್ಕೆ ಸಾಕ್ಷಿಯೆಂಬಂತೆ ಹಿಂಭಾಗದಲ್ಲಿ ಒಂದು ಮೀನಿನ ತೊಟ್ಟಿ. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರನ್ನು ಶುದ್ಧ ಮಾಡಿ, ಅದರಲ್ಲೇ ಮೀನು ಸಾಕಿದ್ದೇವೆಂದು ಬಂದವರಿಗೆಲ್ಲ ತೋರಿಸುವುದು ಅಲ್ಲಿನ ವಾಡಿಕೆ.

ತೊಟ್ಟಿಗೆ ಬೀಳುತ್ತಿದ್ದುದು ಮಾತ್ರ ಟ್ಯಾಂಕರ್ ನೀರು. ಹೋದ ಸೋಮವಾರ ಟ್ಯಾಂಕರ್ ಬರಲಿಲ್ಲ. ಪಂಪು ನೋಡಿಕೊಳ್ಳುವ ಪಿಳ್ಳಪ್ಪ, ಪಾಪ, ಬೋರ್ಡನ್ನು ನಂಬಿ ಕಾರ್ಖಾನೆಯ ನೀರನ್ನೇ ತಿರುಗಿಸಿಬಿಟ್ಟಿದ್ದ. ಊಟದ ಹೊತ್ತಿಗೆ ಹನ್ನೊಂದು ಮೀನೂ ಹೊಟ್ಟೆ ಮೇಲಾಗಿ ತೇಲಿದವು.

ಇವತ್ತು ತೊಟ್ಟಿಯಲ್ಲಿ ಹೊಸ ಮೀನು. ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಪರವಾಗಿ ತಪಾಸಣೆಗೆ ಅಕ್ಷತ ಎಂಬಾಕೆ ಬರುವವಳಿದ್ದಳು.

“ನೋಡಮ್ಮ,” ಎಂದ ಮ್ಯಾನೇಜರ್ ನರೇಶ್, ಲ್ಯಾಬಿನ ಸಿಂಚನಳಿಗೆ. “ನಿನ್ ಪರ್ಮನೆಂಟ್ ಆರ್ಡರು ನನ್ ಡ್ರಾಯರಲ್ಲೇ ಇದೆ. ಸಾಯಂಕಾಲ ಸೈನ್ ಹಾಕ್ತೀನಿ. ನೀನು ಬಾಯಿ ಬಿಡೋದೇನೂ ಬೇಡ. ಹೆಂಗೂ ಬಿಡಲ್ವಲ್ಲ!”

ಆ ಕಾಗದ ಕೈಗೆ ಬಂದರೆ ಮನೆಯಲ್ಲಿ ಅವಳ ಮದುವೆಯ ಮಾತು ಎರಡು ವರ್ಷ ಮುಂದಕ್ಕೆ ಹೋಗುತ್ತಿತ್ತು. ಸಿಂಚನ ತಲೆಯಾಡಿಸಿದಳು.

ಅಕ್ಷತ ಬಂದಳು. ಮೀನು ನೋಡಿ, “ಅಯ್ಯೋ, ಎಷ್ಟ್ ಮುದ್ದಾಗಿವೆ!” ಎಂದು ಫೋಟೋ ತೆಗೆದಳು. ನರೇಶನ ಭುಜ ಸಡಿಲವಾಯಿತು. ಅಷ್ಟರಲ್ಲಿ ಅವಳು ಚೀಲದಿಂದ ಬಾಟಲಿ ತೆಗೆದಳು.

“ಇಲ್ಲಿಂದ ಹೋಗೋ ನೀರಿಂದು ಒಂದು ಸ್ಯಾಂಪಲ್ ಬೇಕು. ಲ್ಯಾಬಿನವರೇ ತೆಗೀಲಿ. ಎಲ್ಲಿಂದ ತೆಗೆದದ್ದು ಅಂತ ಚೀಟಿ ಮೇಲೆ ಅವರೇ ಬರೆದು ಸೈನ್ ಹಾಕ್ಬೇಕು.”

“ತೊಟ್ಟೀಲೇ ಅದ್ದಮ್ಮ,” ಎಂದ ನರೇಶ್, ನಗುತ್ತಲೇ.

ಸಿಂಚನ ಬಾಟಲಿ ತೆಗೆದುಕೊಂಡಳು. ಅದ್ದುವುದಕ್ಕೆ ಮಾತು ಬೇಕಿರಲಿಲ್ಲ. ಬರೆಯುವುದಕ್ಕೂ ಬೇಕಿರಲಿಲ್ಲ, ಆದರೆ ಆ ಅಕ್ಷರ ತನ್ನದು. ಅವಳು ತೊಟ್ಟಿಯನ್ನು ದಾಟಿ ಕಾಂಪೌಂಡ್ ಗೋಡೆಯವರೆಗೂ ನಡೆದಳು. ಕಾರ್ಖಾನೆಯ ನೀರು ಗೋಡೆಯಾಚೆಯ ಕಾಲುವೆಗೆ ಹೋಗುವ ಪೈಪಿನ ನಲ್ಲಿ ಅಲ್ಲಿತ್ತು.

“ಏಯ್ ಸಿಂಚನ! ಅದಲ್ಲಮ್ಮ, ಅದು ಕೆಟ್ಟೋಗಿದೆ!”

ನಲ್ಲಿ ಮಿಸುಕಲಿಲ್ಲ. ಬೆವರಿದ ಅಂಗೈ ಜಾರಿತು. ಹಿಂದಿನಿಂದ ನರೇಶನ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಪಂಪಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪಿಳ್ಳಪ್ಪ ಯಾರ ಮುಖವನ್ನೂ ನೋಡದೆ ಹೇಳಿದ:

“ಎಡಕ್ಕೆ ತಿರುಗ್ಸು ಮಗ. ಬಿಗಿ ಅದೆ.”

ಎರಡೂ ಕೈ ಹಾಕಿ ತಿರುಗಿಸಿದಳು. ಕಡುನೀಲಿ ನೀರು ಧಪ್ಪೆಂದು ಬಿತ್ತು, ಮೂಗು ಮುಚ್ಚುವಂಥ ನಾತದ ಜೊತೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಬೇಕು, ಆಮೇಲೆ ತುಂಬಬೇಕು. ಕ್ರಮ ತಪ್ಪಿಸದೆ ಹಾಗೆಯೇ ಮಾಡಿದಳು.

“ಮೇಡಂ, ಇವಳು ಹೊಸಬಳು, ಗೊತ್ತಾಗಲ್ಲ...”

“ಬರೀಲಿ ಬಿಡಿ,” ಎಂದಳು ಅಕ್ಷತ. ಈಗ ಅವಳ ದನಿಯಲ್ಲಿ ಮುದ್ದು ಇರಲಿಲ್ಲ.

“ಸಾಯಂಕಾಲ ಆಫೀಸಿಗೆ ಬರೋದೇನೂ ಬೇಡ,” ನರೇಶ್ ಸಿಂಚನಳ ಕಿವಿಯ ಹತ್ತಿರ ಪಿಸುಗುಟ್ಟಿದ.

ಸಿಂಚನ ‘ಕಾಲುವೆಗೆ ಹೋಗುವ ಪೈಪು’ ಎಂದು ಬರೆದಳು. ಒದ್ದೆ ಬೆರಳು ತಾಗಿ ಅಕ್ಷರ ಕಲೆಸಿಹೋಯಿತು. ಕೈಯನ್ನು ದುಪಟ್ಟಾಗೆ ಒರೆಸಿಕೊಂಡು, ಇನ್ನೊಂದು ಚೀಟಿ ಕೇಳಿ, ಮತ್ತೆ ಬರೆದಳು.