ಎಂಟು ಎಣಿಸುವಷ್ಟು ಹೊತ್ತು

ಚಳಿಗಾಲದ ಕೊನೆಯ ಶುಕ್ರವಾರ, ಮಧ್ಯಾಹ್ನ ಮೂರೂವರೆ, ಬಾಗಿಲ ಸಂದಿಯಲ್ಲಿ ಕಾಣುವುದು ಹುಡುಗಿಯ ಬಲಗಾಲಿನ ಗಿಣ್ಣು ಒಂದೇ, ವಾಲುತ್ತಿದೆಯೋ ಇಲ್ಲವೋ, ವಾಲುತ್ತಿದೆ, ಕೂದಲೆಳೆಯಷ್ಟು, ಒಳಗೆ ಮೇಷ್ಟ್ರು ಎಣಿಸುತ್ತಿದ್ದಾರೆ, ಒಂದು — ಬ್ಯಾಲೆ ಶಾಲೆಯಲ್ಲಿ ಶೂ ಹೊಲಿಯುವ ಅಜ್ಜಿ ಸಂದಿಗೆ ಕಣ್ಣು ಹಚ್ಚಿದಳು — ಒಂಟಿಕಾಲಿನ ಬೆರಳ ತುದಿಯಲ್ಲಿ, ಏನನ್ನೂ ಹಿಡಿಯದೆ, ಎಂಟರ ತನಕ ನಿಂತರೆ ಹುಡುಗಿ ಇಲ್ಲೇ ಉಳಿಯುತ್ತಾಳೆ, ಇಲ್ಲವೆಂದರೆ ಗಂಟುಮೂಟೆ, ಎರಡು, ಈ ಶೂಗಳಿಗೆ ಹುಟ್ಟಿನಲ್ಲಿ ಎಡಬಲವಿಲ್ಲ, ಥೇಟ್ ಅವಳಿಮಕ್ಕಳು, ನಾಲ್ಕು ದಿನ ಹಾಕಿದರೆ ಕಾಲಿನ ಹೆಬ್ಬೆರಳು ತನ್ನ ತಗ್ಗು ಮಾಡಿಕೊಳ್ಳುತ್ತದೆ, ಆಮೇಲೆ ಇದು ಎಡ, ಇದು ಬಲ, ಎಡದ್ದರೊಳಗೆ ಪೆನ್ಸಿಲ್ ಗೀಟು, ಬೆಳಿಗ್ಗೆ ಶೂ ಒಳಗಿನ ಬಟ್ಟೆ ಬದಲಿಸುವಾಗ ಗೀಟೂ ಅದರ ಜೊತೆ ಹೋಯಿತು, ಹೋಗಲಿ, ನಲವತ್ತು ವರ್ಷ ಪಳಗಿದ ಹೆಬ್ಬೆಟ್ಟಿದೆಯಲ್ಲ, ತಡವಿದರೆ ಹೇಳುತ್ತದೆ, ಚಳಿಗೆ ಅದು ಮರಗಟ್ಟಿತ್ತು, ಏನೂ ಹೇಳಲಿಲ್ಲ, ಆದರೂ ಒಂದರೊಳಗೆ ಗೀಟು ಎಳೆದೇಬಿಟ್ಟಳು, ಮೂರು, ಆಮೇಲೆ ಹುಡುಗಿ ಕುಂಟುತ್ತ ಬಂದಳಲ್ಲ, ಅಜ್ಜೀ, ಏನೋ ಒಂಥರಾ ಆಗ್ತಿದೆ, ಕಾಲು ಹೊರಗಡೆ ಎಳೀತಿದೆ, ಎಲ್ಲಿ ಬಿಚ್ಚು ನೋಡೋಣ, ಅಷ್ಟರಲ್ಲಿ ಬೆಚ್ಚಗಾಗಿದ್ದ ಹೆಬ್ಬೆಟ್ಟು ಒಳಗೆ ಹೋದದ್ದೇ ತಡ, ತಗ್ಗು ಕಿರುಬೆರಳ ಕಡೆ, ಎಡಬಲ ತಿರುಗುಮುರುಗು, ನಾಲ್ಕು, ಅದಲುಬದಲು ಹಾಕ್ಕೊಳ್ಳೇ ಎಂದಿದ್ದರೆ ಮುಗಿಯುತ್ತಿತ್ತು, ಪಕ್ಕದಲ್ಲೇ ಮೇಷ್ಟ್ರು, ಏನಜ್ಜಿ, ಸೂಜಿ ಕಣ್ಣು ಕಾಣುತ್ತೋ, ನಿಮ್ಮ ಕಣ್ಣೇ ಹೋಯ್ತೋ ಎಂದು ಮೊನ್ನೆಯಷ್ಟೇ ಎಲ್ಲರೆದುರು ನಕ್ಕವರು, ನಾಲಿಗೆ ತಾನಾಗಿ ಹೊರಳಿತು, ಶೂಗೇನಾಗಿದೆ, ನಿಂಗೆ ಹೆದ್ರಿಕೆ ಕಣೇ, ಹೋಗು ಹೋಗು, ಹುಡುಗಿ ಹೂಂ ಎಂದಳು, ನಂಬಿಯೇಬಿಟ್ಟಳು — ಐದು, ಕೂಗಲೇ, ನಿಲ್ಸಿ ಮೇಷ್ಟ್ರೇ, ತಪ್ಪು ನಂದು ಅನ್ನಲೇ, ಆರು, ಗಿಣ್ಣು ಹೊರಕ್ಕೆ, ಇನ್ನೂ ಹೊರಕ್ಕೆ, ಏಳು ಕೇಳಿಸಲೇ ಇಲ್ಲ, ಹಲಗೆಯ ನೆಲ ಧಡ್ ಎಂದಿತು.

ಯಾರೂ ಅಜ್ಜಿಯನ್ನು ಒಂದು ಮಾತೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದಳೇನೋ, ಶನಿವಾರ ಮೇಷ್ಟ್ರ ಕೋಣೆಯ ತನಕ ಹೋದಳು, ಚಿಲಕ ಮುಟ್ಟಿ ಬಂದಳು, ಭಾನುವಾರ ಬೀಗ, ಸೋಮವಾರ ಬೆಳಿಗ್ಗೆ ಹುಡುಗಿಯೇ ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು, ಕಣ್ಣು ಊದಿದೆ, ಆದರೂ ನಗು, ನೀವು ಹೇಳಿದ್ದೇ ಸರಿ ಅಜ್ಜಿ, ನಂಗೆ ಹೆದ್ರಿಕೆ ಜಾಸ್ತಿ, ಇದಕ್ಕೆ ನಾನು ಲಾಯಕ್ಕಿಲ್ಲ ಬಿಡಿ, ಅಲ್ಲ ಕಣೇ, ಅಲ್ಲ, ಹೊರಗೆ ಬಂದದ್ದು ಹುಷಾರಾಗಿ ಹೋಗಮ್ಮ ಅನ್ನುವುದಷ್ಟೇ, ಅವಳು ಹೋದಳು, ಸೋಮವಾರ, ಮೆಟ್ಟಿಲ ಮೇಲೆ ಈಗ ಯಾರೂ ಇಲ್ಲ, ಆದರೂ ಆ ಗಿಣ್ಣು, ವಾಲುತ್ತಿದೆ, ಬೀಳುತ್ತಿಲ್ಲ, ಆರು — ವಾಲುತ್ತಿದೆ — ಆರು —